ಸೊಪ್ಪಿನ ಕೋಣೆಯಲ್ಲಿಟ್ಟ ಪೆಟ್ರೋಲ್

ಪೆಟ್ರೋಲ್ ಸಿಗುವುದಿಲ್ಲ ಎಂದು ನಮ್ಮ ಕಡೆ ಮೊದಲು ಹೇಳಿದವನು ಯಾರೆಂದು ಇವತ್ತಿಗೂ ಗೊತ್ತಾಗಿಲ್ಲ. ಗೊತ್ತಾಗಿದ್ದರೆ ಅವನ ಮನೆ ಬಾಗಿಲಿಗೆ ಹೋಗಿ ನಾಲ್ಕು ಮಾತು ಕೇಳಿ ಬರುತ್ತಿದ್ದೆ. ಸಮುದ್ರದಾಚೆ ಎಲ್ಲೋ ಯುದ್ಧ ಶುರುವಾಗಿತ್ತು. ಎಣ್ಣೆ ಹಡಗುಗಳು ದಾರಿಯಲ್ಲೇ ನಿಂತಿವೆ ಎಂದು ಟಿವಿಯವರು ಬೆಳಗಿನಿಂದ ಸಂಜೆಯವರೆಗೆ ಅದೇ ಒಂದು ಹಡಗನ್ನು ತೋರಿಸುತ್ತಿದ್ದರು. ದೇಶದ ಬಳಿ ಸಾಕಷ್ಟು ದಾಸ್ತಾನಿದೆ, ಜನ ಆತಂಕಪಡಬೇಕಾಗಿಲ್ಲ ಎಂದು ಸರ್ಕಾರದವರು ಹೇಳಿದರು. ಆತಂಕ ಬೇಡ ಅಂದರೆ ನಮ್ಮ ಜನಕ್ಕೆ ಕೇಳಿಸುವುದು ಒಂದೇ, ಇವರು ಏನನ್ನೋ ಮುಚ್ಚಿಡುತ್ತಿದ್ದಾರೆ ಅಂತ. ಅವತ್ತು ಸಂಜೆಯೊಳಗೆ ದೊಡ್ಡಬಳ್ಳಾಪುರದ ಬಂಕುಗಳ ಮುಂದಿನ ಸಾಲು ರಸ್ತೆಗೆ ಬಂದು ನಿಂತಿತು.

ನಾನು ಬಾಶೆಟ್ಟಿಹಳ್ಳಿಯ ಒಂದು ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸದಲ್ಲಿದ್ದೇನೆ. ನಮ್ಮೂರು ಘಾಟಿ ರಸ್ತೆಯಿಂದ ಒಳಗೆ. ಬೆಳಗಿನ ಪಾಳಿ ಆರಕ್ಕೆ, ಬೈಕಿಲ್ಲದೆ ಆಗುವ ಮಾತಲ್ಲ. ಆದರೂ ಮೊದಲೆರಡು ದಿನ ನಾನು ಸಾಲಿನಲ್ಲಿ ನಿಲ್ಲಲಿಲ್ಲ, ನಿಂತವರನ್ನು ನೋಡಿ ನಕ್ಕೆ. ನಮ್ಮೂರ ಮೇಷ್ಟರೊಬ್ಬರು ಹಾಲಿನ ಕ್ಯಾನ್ ಹಿಡಿದು ನಿಂತಿದ್ದರು. ಕ್ಯಾನಿಗೆ ಹಾಕೋದಿಲ್ಲ ಎಂದ ಬಂಕಿನವನಿಗೆ ಪ್ರಜೆಯ ಹಕ್ಕುಗಳ ಬಗ್ಗೆ ಪಾಠ ಮಾಡುತ್ತಿದ್ದರು. ಇನ್ನೊಬ್ಬ ಎಷ್ಟೋ ವರ್ಷದಿಂದ ಕೆಟ್ಟು ಮೂಲೆಯಲ್ಲಿ ನಿಂತಿದ್ದ ಸ್ಕೂಟರನ್ನು ತಳ್ಳಿಕೊಂಡು ಬಂದು, ಅದರ ಟ್ಯಾಂಕ್ ತುಂಬಿಸಿಕೊಂಡು, ಮತ್ತೆ ತಳ್ಳಿಕೊಂಡೇ ಹೋದ. ಕಾರ್ಖಾನೆ ಗೇಟಿನ ಟೀ ಅಂಗಡಿಯಲ್ಲಿ ಇದನ್ನೆಲ್ಲ ಹೇಳಿ ಎಲ್ಲರನ್ನೂ ನಗಿಸಿದೆ. ಮುಗಿದುಹೋಗುತ್ತದೆ ಎಂದು ಹೆದರಿ ಊರಿಗೂರೇ ಒಂದೇ ದಿನ ತುಂಬಿಸಿಕೊಂಡರೆ ಮುಗಿಯದೆ ಇನ್ನೇನಾಗುತ್ತದೆ ಎಂದು ಭಾಷಣವನ್ನೂ ಬಿಗಿದೆ.

ಮೂರನೇ ದಿನ ಎರಡು ಬಂಕಿನವರು ಅಡ್ಡಕ್ಕೆ ಹಗ್ಗ ಕಟ್ಟಿ ಸ್ಟಾಕ್ ಇಲ್ಲ ಎಂದು ಬೋರ್ಡ್ ನೇತುಹಾಕಿದರು. ಅದು ಯುದ್ಧ ತಂದ ಬೋರ್ಡಲ್ಲ, ನಾವೇ ತರಿಸಿಕೊಂಡಿದ್ದು. ಇದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಆ ಬೋರ್ಡ್ ಕಣ್ಣಿಗೆ ಬಿದ್ದ ಕೂಡಲೇ ಬೈಕ್ ನಿಲ್ಲಿಸಿ ಟ್ಯಾಂಕಿನೊಳಗೆ ಇಣುಕಿ ನೋಡಿದೆ. ಮನೆಯಲ್ಲಿ ಹುಳು ಇತ್ತಲ್ಲ, ಅದಕ್ಕೆ.

ರೇಷ್ಮೆ ಹುಳು ಸಾಕುವುದು ನಮ್ಮ ಮನೆಯಲ್ಲಿ ಹಿಂದಿನಿಂದ ಬಂದದ್ದು. ನಾನು ಕಾರ್ಖಾನೆ ಸೇರಿದ ಮೇಲೆ ಅದನ್ನು ಪೂರ್ತಿ ನೋಡಿಕೊಂಡವಳು ನನ್ನ ಹೆಂಡತಿ. ಹನ್ನೆರಡು ವರ್ಷ ನೋಡಿಕೊಂಡಳು. ಹುಳು ಜ್ವರಕ್ಕೆ ಕೂತಿದೆಯೋ, ಅಂದರೆ ಮೇವು ಬಿಟ್ಟು ಪೊರೆ ಕಳಚಲು ಕೂತಿದೆಯೋ, ಎದ್ದಿದೆಯೋ ಎಂದು ಬಾಗಿಲಲ್ಲಿ ನಿಂತೇ ಹೇಳುತ್ತಿದ್ದಳು. ಮಧ್ಯೆ ಒಂದು ಸಲ ಗಾರ್ಮೆಂಟ್ಸಿಗೆ ಒಂದು ತಿಂಗಳು ಹೋಗಿ ಬಂದಿದ್ದಳು. ನೀರು ಕುಡಿಯಲು ಎದ್ದರೂ ಅಪ್ಪಣೆಗೆ ಒಬ್ಬರ ಮುಖ ನೋಡಬೇಕು, ಅಂಥ ಕಡೆ ನಾನಿರೋದಿಲ್ಲ ಎಂದು ಬಿಟ್ಟುಬಿಟ್ಟಳು. ಹುಳುಮನೆಯಲ್ಲಿ ಅವಳ ಮುಖವನ್ನೇ ಬೇರೆಯವರು ನೋಡಬೇಕಿತ್ತು, ನಾನೂ ಸೇರಿ.

ಆದರೆ ಹಿಂದಿನ ಎರಡು ಬೆಳೆ ಬಿಸಿಲಿಗೆ ಕೆಟ್ಟಿದ್ದವು. ಒಂದು ದಿನ ಪಾಳಿ ಮುಗಿಸಿ ಬಂದ ಸುಸ್ತಿನಲ್ಲಿ ನಾನು ರೇಗಿಬಿಟ್ಟೆ. ಇದೇ ಕೊನೆ, ಈ ಬೆಳೆಯೂ ಕೈಕೊಟ್ಟರೆ ಹಿಪ್ಪುನೇರಳೆ ಕಿತ್ತುಹಾಕಿ ನೀನೂ ಗಾರ್ಮೆಂಟ್ಸಿನ ಬಸ್ಸು ಹತ್ತು ಎಂದೆ. ಅವಳು, ಆಗಲಿ, ಆದರೆ ಬೆಳೆ ಗೆದ್ದರೆ ಇನ್ನು ಯಾವತ್ತೂ ಆ ಬಸ್ಸಿನ ಮಾತು ಎತ್ತಬಾರದು ಎಂದಳು. ನಾನು ಒಪ್ಪಿದೆ. ಆ ಬೆಳೆ ಅವಳು ಕೈಹಿಡಿದು ನಡೆಸಿದ ಹಾಗೆ ಬಂತು. ಬೋರ್ಡ್ ಬಿದ್ದ ದಿನ ಹುಳು ನಾಲ್ಕನೇ ಜ್ವರ ಕಳೆದು ಐದು ದಿನವಾಗಿತ್ತು. ಇನ್ನು ಮೂರು ದಿನ ಹೊಟ್ಟೆ ತುಂಬ ತಿಂದರೆ ಹಣ್ಣಾಗಿ ಗೂಡು ಕಟ್ಟುವುದಷ್ಟೇ ಬಾಕಿ.

ಆ ಕೊನೆಯ ದಿನಗಳಲ್ಲಿ ಹುಳು ತಿನ್ನುವ ಸೊಪ್ಪಿಗೆ ಲೆಕ್ಕವಿಲ್ಲ. ನಮ್ಮ ತೋಟ ಕೆರೆಯ ಕೆಳಗೆ, ಮನೆಯಿಂದ ಎರಡು ಕಿಲೋಮೀಟರ್. ದಿನಕ್ಕೆ ಮೂರು ಹೊತ್ತು ಸೊಪ್ಪು ಕೊಯ್ದು ಹೊರೆ ಕಟ್ಟಿ ಬೈಕಿನಲ್ಲಿ ತರಬೇಕು. ಪೆಟ್ರೋಲ್ ಇಲ್ಲದಿದ್ದರೆ ಸೊಪ್ಪಿಲ್ಲ, ಸೊಪ್ಪಿಲ್ಲದಿದ್ದರೆ ಹುಳು ಇಲ್ಲ. ಇದನ್ನು ಹೇಳಿದರೆ ಅವಳು ತಲೆಯನ್ನೇ ಕೆಡಿಸಿಕೊಳ್ಳಲಿಲ್ಲ. ನಮ್ಮಮ್ಮನ ಕಾಲದಲ್ಲಿ ಯಾವ ಬೈಕಿತ್ತು, ಮೂರು ದಿನ ತಲೆ ಮೇಲೆ ಹೊತ್ತರೆ ಕುತ್ತಿಗೆಯೇನೂ ಮುರಿದುಹೋಗುವುದಿಲ್ಲ, ನೀವು ಮಾತ್ರ ಆ ಸಾಲಿಗೆ ಹೋಗಿ ನಿಲ್ಲಬೇಡಿ ಎಂದಳು. ನಕ್ಕವನೇ ಹೋಗಿ ನಿಂತರೆ ಊರವರು ಆಡಿಕೊಳ್ಳುತ್ತಾರೆ ಎಂದೂ ಸೇರಿಸಿದಳು.

ಮಾರನೇ ದಿನ ಎರಡಕ್ಕೆ ಪಾಳಿ ಮುಗಿಯುತ್ತಲೇ ಹೋಗಿ ನಿಂತೆ.

ಕ್ಯಾನಿಗೆ ಎಲ್ಲೂ ಹಾಕುತ್ತಿರಲಿಲ್ಲ. ಅದಕ್ಕೆ ನಾನೊಂದು ಉಪಾಯ ಮಾಡಿದ್ದೆ, ಎಲ್ಲರೂ ಮಾಡುತ್ತಿದ್ದ ಉಪಾಯವೇ. ಒಂದು ಬಂಕಿನಲ್ಲಿ ಟ್ಯಾಂಕ್ ತುಂಬಿಸುವುದು, ನೀಲಗಿರಿ ತೋಪಿನ ಮರೆಗೆ ಹೋಗಿ ಪೈಪ್ ಇಳಿಬಿಟ್ಟು ಬಾಯಲ್ಲಿ ಎಳೆದು ಕ್ಯಾನಿಗೆ ಇಳಿಸುವುದು, ಮುಂದಿನ ಬಂಕಿಗೆ ಹೋಗುವುದು. ತೋಪಿನಲ್ಲಿ ನನ್ನ ಹಾಗೇ ಇನ್ನೂ ಮೂವರಿದ್ದರು. ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಎರಡು ಸಲ ಪೆಟ್ರೋಲ್ ಬಾಯಿಗೇ ಬಂತು. ಉಗಿದು, ಕೆಮ್ಮಿ, ಕಣ್ಣಲ್ಲಿ ನೀರು ತುಂಬಿಕೊಂಡು ಮತ್ತೆ ಸಾಲಿಗೆ ಓಡಿದೆ. ಮೂರು ಬಂಕು ತಿರುಗಿ ಎರಡು ಕ್ಯಾನ್ ತುಂಬಿಸಿದಾಗ ಏನೋ ಗೆದ್ದ ಹಾಗೆ ಎನ್ನಿಸಿತ್ತು. ಅದನ್ನು ನೆನೆದರೆ ಈಗ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ.

ಮನೆಗೆ ಬಂದಾಗ ಅವಳು ತೋಟದಲ್ಲಿದ್ದಳು. ಕ್ಯಾನ್ ಎಲ್ಲಿಡುವುದು? ಅಡುಗೆಮನೆಯಲ್ಲಿ ಗ್ಯಾಸ್ ಒಲೆ. ದನದ ಹಟ್ಟಿಯಲ್ಲಿ ಒಣ ಹುಲ್ಲು, ಹಾಲು ಹಾಕಿಸಿಕೊಳ್ಳಲು ಬರುವವರು ಅಲ್ಲೇ ನಿಂತು ಬೀಡಿ ಸೇದುತ್ತಾರೆ. ಪಡಸಾಲೆಯಲ್ಲಿಟ್ಟರೆ ಊರಿಗೇ ಕಾಣುತ್ತದೆ. ಆಗ ಹೊಳೆದದ್ದು ಹುಳುಮನೆ. ಅದರೊಳಕ್ಕೆ ಯಾರೂ ಬರುವ ಹಾಗಿಲ್ಲ. ಬೆಂಕಿಪೊಟ್ಟಣ ಬರುವ ಹಾಗಿಲ್ಲ, ಊದಿನಕಡ್ಡಿ, ಸೊಳ್ಳೆಬತ್ತಿ ಏನೂ ಬರುವ ಹಾಗಿಲ್ಲ. ಸದಾ ತಂಪು, ಸದಾ ಬೀಗ. ಇಡೀ ಮನೆಯಲ್ಲಿ ಪೆಟ್ರೋಲಿಗೆ ಅದಕ್ಕಿಂತ ಭದ್ರವಾದ ಜಾಗ ಇರಲಿಲ್ಲ. ನನ್ನ ಬುದ್ಧಿ ಬೆಂಕಿಯವರೆಗೆ ಓಡಿತು, ಬೆಂಕಿಯ ಹತ್ತಿರವೇ ನಿಂತುಬಿಟ್ಟಿತು. ಹುಳುವಿನ ಕೋಣೆಗೆ ಹೊಂದಿಕೊಂಡು ಸೊಪ್ಪು ಹರಡುವ ಚಿಕ್ಕ ಕೋಣೆಯಿದೆ. ಅಲ್ಲಿ ಒದ್ದೆ ಗೋಣಿಯ ರಾಶಿಯ ಹಿಂದೆ ಎರಡೂ ಕ್ಯಾನ್ ತಳ್ಳಿ, ಮೇಲೆ ಇನ್ನೊಂದು ಗೋಣಿ ಹೊದಿಸಿ ಬಂದೆ. ಅವಳಿಗೆ ಹೇಳಬಾರದೆಂದೇ ಹಾಗೆ ಮಾಡಿದ್ದು. ಬೇಡ ಅಂದಿದ್ದನ್ನು ಮಾಡಿ ಬಂದಿದ್ದೆನಲ್ಲ.

ಒಂದು ಕ್ಯಾನಿನ ಮುಚ್ಚಳ ಸರಿಯಾಗಿ ಕೂತಿರಲಿಲ್ಲ. ನನಗೆ ವಾಸನೆ ತಿಳಿಯಲಿಲ್ಲ. ಮಧ್ಯಾಹ್ನವೆಲ್ಲ ಬಾಯಲ್ಲಿ ಎಳೆದವನ ಮೂಗಿಗೆ ಬೇರೆ ಯಾವ ವಾಸನೆ ಬರಬೇಕು? ಅವಳು ತೋಟದಿಂದ ಬಂದವಳೇ ಮೂಗು ಮುಚ್ಚಿಕೊಂಡಳು. ಟ್ಯಾಂಕ್ ತುಂಬಿಸಿದೆ, ಮೈಮೇಲೆ ಚೆಲ್ಲಿತು ಎಂದೆ. ಅರ್ಧ ನಿಜ. ಮೊದಲು ಸ್ನಾನ ಮಾಡಿ, ಇವತ್ತು ನೀವು ಹುಳುಮನೆ ಕಡೆ ತಲೆ ಹಾಕಬೇಡಿ ಎಂದು ಸಂಜೆಯ ಸೊಪ್ಪನ್ನು ಒಬ್ಬಳೇ ಹಾಕಿದಳು. ಸೊಪ್ಪಿನ ಕೋಣೆಯಲ್ಲೂ ಅವಳಿಗೆ ವಾಸನೆ ಬಂದಿತ್ತಂತೆ. ನನ್ನ ಬಟ್ಟೆಯದ್ದೇ ಮೂಗಿನಲ್ಲಿ ಉಳಿದಿದೆ ಅಂದುಕೊಂಡಳಂತೆ. ಆ ವಾರ ಊರಿಗೂರೇ ಪೆಟ್ರೋಲ್ ನಾರುತ್ತಿತ್ತು.

ಮಾರನೇ ಬೆಳಿಗ್ಗೆ ನಾನು ಪಾಳಿಗೆ ಹೋದೆ. ಒಳಗೆ ಫೋನ್ ಒಯ್ಯುವ ಹಾಗಿಲ್ಲ, ಲಾಕರಿನಲ್ಲಿ ಇಟ್ಟು ಹೋಗಬೇಕು. ತಿಂಡಿ ಬಿಡುವಿನಲ್ಲಿ ತೆಗೆದು ನೋಡಿದರೆ ಅವಳು ಒಂಬತ್ತು ಸಲ ಫೋನ್ ಮಾಡಿದ್ದಳು. ತಿರುಗಿ ಮಾಡಿದೆ. ಹುಳು ಮೇವು ಮುಟ್ಟುತ್ತಿಲ್ಲ, ತಲೆ ಎತ್ತಿಕೊಂಡು ಹೊಯ್ದಾಡುತ್ತಿವೆ, ಬಾಯಿಂದ ಹಸಿರು ನೀರು ಕಕ್ಕುತ್ತಿವೆ ಎಂದಳು. ಪಕ್ಕದ ದ್ರಾಕ್ಷಿ ತೋಟದವರು ಔಷಧ ಹೊಡೆದಿರಬೇಕು, ಗಾಳಿಗೆ ನಮ್ಮ ಸೊಪ್ಪಿನ ಮೇಲೆ ಕೂತಿರಬೇಕು ಎಂದಳು. ನನಗೆ ಆ ಕ್ಷಣದಲ್ಲೇ ಗೊತ್ತಾಯಿತು. ಗೊತ್ತಾದರೂ ಫೋನಿನಲ್ಲಿ ಬಾಯಿ ಬಿಡಲಿಲ್ಲ. ಅಲ್ಲೇ ಹೇಳಿದ್ದರೆ ಅವಳು ಕೂಡಲೇ ಕ್ಯಾನ್ ಆಚೆ ಎಸೆದು, ಬಾಗಿಲು ಕಿಟಕಿ ತೆಗೆದು, ಹೊಸ ಸೊಪ್ಪು ತಂದು ಹಾಕುತ್ತಿದ್ದಳು. ಹಾಗೆ ಉಳಿಯಬಹುದಾಗಿದ್ದ ಹುಳುಗಳೆಷ್ಟೋ. ಸೂಪರ್‌ವೈಸರನ ಕಾಲು ಹಿಡಿದು ರಜೆ ಕೇಳಿದೆ. ಬಿಡುವ ಹೊತ್ತಿಗೆ ಗಂಟೆ ಹನ್ನೊಂದಾಗಿತ್ತು.

ನಾನು ಅಂಗಳಕ್ಕೆ ಬಂದಾಗ ಅವಳು ಬಾಡಿದ ಹುಳುಗಳನ್ನು ಒಂದು ಮೊರದಲ್ಲಿ ಹಾಕಿಕೊಂಡು ದ್ರಾಕ್ಷಿ ತೋಟದವರ ಮನೆಗೆ ಹೊರಟಿದ್ದಳು, ಅವರ ಮುಂದೆ ಸುರಿದು ನ್ಯಾಯ ಕೇಳಲು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಳು. ನಾನು ಅಡ್ಡ ನಿಂತೆ.

"ಅವ್ರದ್ದೇನೂ ತಪ್ಪಿಲ್ಲ ಕಣೇ. ಪೆಟ್ರೋಲ್ ತಂದು ಒಳಗಿಟ್ಟಿದ್ದೀನಿ."

ಅವಳಿಗೆ ಅರ್ಥವಾಗಲಿಲ್ಲ. ಒಳಗೆ ಕರೆದುಕೊಂಡು ಹೋಗಿ ಗೋಣಿ ಎತ್ತಿ ತೋರಿಸಿದೆ. ಕ್ಯಾನಿನ ಸುತ್ತ ನೆಲ ಒದ್ದೆಯಾಗಿತ್ತು, ಪಕ್ಕದಲ್ಲಿ ಬೆಳಗಿನ ಸೊಪ್ಪು. ಹುಳುವಿನ ಕೋಣೆಯಿಂದ ಮೇವು ಮೇಯುವ ಸದ್ದೇ ಇರಲಿಲ್ಲ. ಅಷ್ಟು ಹುಳು ಇರುವ ಮನೆ ಅಷ್ಟು ಸುಮ್ಮನಿದ್ದದ್ದನ್ನು ನಾನು ಅದೇ ಮೊದಲು ಕೇಳಿದ್ದು. ಅವಳು ಮೊರವನ್ನು ಕೆಳಗಿಟ್ಟಳು. ಬೈಯಲಿಲ್ಲ. ಬೈದಿದ್ದರೆ ನಾನೂ ಏನಾದರೂ ತಿರುಗಿಸಿ ಹೇಳುತ್ತಿದ್ದೆನೇನೋ.

"ಮದುವೆಯಾದ ಹೊಸದ್ರಲ್ಲಿ ಮಲ್ಲಿಗೆ ಮುಡ್ಕೊಂಡು ಒಳಗೆ ಬಂದಿದ್ದಕ್ಕೆ ಎಲ್ರ ಮುಂದೆ ಬೈದ್ರಿ," ಎಂದಳು. "ಹೂವಿನ ವಾಸ್ನೆನೂ ಹುಳಕ್ಕಾಗಲ್ಲ ಅಂತ ನಂಗೆ ಹೇಳ್ಕೊಟ್ಟೋರು ನೀವೇ. ಅವತ್ತಿಂದ ಹುಳ ಇದ್ದಾಗ ನಾನು ಹೂವ ಮುಡಿದಿಲ್ಲ."

ಆಮೇಲೆ ಕೆಲಸಕ್ಕೆ ನಿಂತಳು. ಕಿಟಕಿಗಳನ್ನೆಲ್ಲ ತೆಗೆಸಿದಳು, ನೆಲ ತೊಳೆಸಿದಳು, ಹಳೆ ಸೊಪ್ಪು ಎತ್ತಿಸಿದಳು. ಎರಡು ದಿನ ಅನ್ನ ನೀರಿನ ಕಡೆ ಗಮನವಿಲ್ಲದೆ ಒಂದೊಂದೇ ಹುಳುವನ್ನು ಎತ್ತಿ ಬೇರ್ಪಡಿಸಿದಳು. ನಾನು ಹೊಸ ಸೊಪ್ಪಿಗೆ ಬೈಕಿನಲ್ಲಿ ಓಡಾಡಿದೆ, ಅದೇ ದರಿದ್ರ ಪೆಟ್ರೋಲ್ ಹಾಕಿಕೊಂಡು. ಸೊಪ್ಪಿನ ಕೋಣೆಯಿಂದ ದೂರದ ಕೊನೆಯ ಸಾಲಿನ ಹುಳುಗಳು ಮಾತ್ರ ಉಳಿದವು. ಅವೂ ಕಟ್ಟಿದ್ದು ತೆಳು ಗೂಡು, ಬೆರಳಲ್ಲಿ ಒತ್ತಿದರೆ ಒಳಗೆ ಹೋಗುವಂಥವು. ಸತ್ತದ್ದನ್ನೆಲ್ಲ ತಿಪ್ಪೆಯ ಪಕ್ಕ ಗುಂಡಿ ತೋಡಿ ಸುಣ್ಣ ಹಾಕಿ ಮುಚ್ಚಿದೆ.

ಆ ಹೊತ್ತಿಗೆ ಸಾಲುಗಳೆಲ್ಲ ಕರಗಿಹೋಗಿದ್ದವು. ಹಡಗು ಬಂತೋ, ಟಿವಿಯವರಿಗೆ ಬೇರೆ ಸುದ್ದಿ ಸಿಕ್ಕಿತೋ ಗೊತ್ತಿಲ್ಲ. ಘಾಟಿ ರಸ್ತೆಯ ಬಂಕಿನಲ್ಲಿ ಹುಡುಗಿಯೊಬ್ಬಳು ಕುರ್ಚಿ ಹಾಕಿಕೊಂಡು ಗಿರಾಕಿಗೆ ಕಾಯುತ್ತಿದ್ದಳು, ಫುಲ್ ಮಾಡ್ಲಾ ಸಾರ್ ಎಂದಳು. ನನಗೆ ಮೈಯೆಲ್ಲ ಉರಿದುಹೋಯಿತು. ಟೀ ಅಂಗಡಿಯಲ್ಲಿ ಯಾರಿಗೂ ಸಾಲಿನಲ್ಲಿ ನಿಂತದ್ದು ನೆನಪೂ ಇರಲಿಲ್ಲ. ಊರಲ್ಲಿ ಸಿಕ್ಕ ಮೇಷ್ಟರು, ನಮ್ಮ ಜನಕ್ಕೆ ಸ್ವಲ್ಪವೂ ತಾಳ್ಮೆ ಇಲ್ಲಪ್ಪ ಎಂದರು. ಹೌದು ಸಾರ್ ಎಂದೆ.

ಬಸ್ಸಿನ ಮಾತನ್ನು ನಾನು ಎತ್ತಲಿಲ್ಲ, ಎತ್ತುವ ಮುಖವೂ ಇರಲಿಲ್ಲ. ಇನ್ನೊಂದು ಬೆಳೆ ಇಡು, ಹುಳುವಿನ ಮೊಟ್ಟೆ ನಾನೇ ತಂದುಕೊಡುತ್ತೇನೆ ಎಂದು ಗೋಗರೆದೆ. ಮಾತು ಅಂದರೆ ಮಾತು, ಬೆಳೆ ಹೋಯಿತಲ್ಲ ಎಂದಳು. ಯಾರಿಂದ ಹೋಯಿತು ಎಂದು ಒಂದು ಸಲವೂ ಅನ್ನಲಿಲ್ಲ. ಮುಂದಿನ ಸೋಮವಾರ ಬಾಶೆಟ್ಟಿಹಳ್ಳಿಯ ಒಂದು ಗಾರ್ಮೆಂಟ್ಸಿಗೆ ಕೆಲಸ ಕೇಳಲು ಹೋದಳು. ನಾನು ಪಾಳಿ ಮುಗಿಸಿ ಗೇಟಿನ ಆಚೆ ಬೈಕ್ ನಿಲ್ಲಿಸಿಕೊಂಡು ಕಾದೆ.

ಮೂರು ಗಂಟೆಗೆ ಬಂದಳು. ಸೇರಿಸಿಕೊಂಡರಾ ಎಂದು ಕೇಳಿದೆ. ಹೂಂ ಎಂದಳು. ಫಾರಂ ತುಂಬುವ ಹುಡುಗಿ ಹಿಂದಿನ ಅನುಭವ ಏನು ಎಂದು ಕೇಳಿದಳಂತೆ. ಹನ್ನೆರಡು ವರ್ಷ ಹುಳು ಸಾಕಿದ್ದೀನಿ ಎಂದು ಇವಳು ಹೇಳಿದಳಂತೆ.

"ನಕ್ಕೊಂಡು, ಇಲ್ಲ ಅಂತ ಬರ್ಕೊಂಡ್ಲು," ಎಂದಳು.

ನನಗೆ ತಡೆಯಲಾಗಲಿಲ್ಲ. ಬೈಕಿನ ಸ್ಟ್ಯಾಂಡ್ ಹಾಕಿ, ಆ ಹುಡುಗಿ ಯಾರು ತೋರಿಸು, ಕೇಳಿಯೇ ಬರುತ್ತೇನೆ ಎಂದು ಗೇಟಿನ ಕಡೆ ಹೊರಟೆ. ಅವಳು ನನ್ನ ತೋಳು ಹಿಡಿದು ನಿಲ್ಲಿಸಿದಳು.

"ಅವಳೇನ್ ಮಾಡಿದ್ಲು, ಬಿಡಿ," ಎಂದಳು. "ನಾಳೆ ಎಂಟಕ್ಕೆ ಬಾ ಅಂದವ್ರೆ."

ಸ್ಟ್ಯಾಂಡ್ ತೆಗೆದು ಬೈಕ್ ಸ್ಟಾರ್ಟ್ ಮಾಡಿದೆ. ಅವಳು ಹಿಂದೆ ಹತ್ತಿ ಕೂತಳು.