ಸ್ಟೆಲ್ಲಾ ಕೊಟ್ಟ ಕಾಗದದ ಡಬ್ಬ

ನೋಡ್ರವ್ವಾ, ತಪ್ಪು ಯಾರದು ಅಂತ ನೀವೇ ಹೇಳಿ. ಇವತ್ತು ಬೆಳಿಗ್ಗೆ ಪಕ್ಕದ ಮನೆಯ ನರ್ಸಮ್ಮ ಸ್ಟೆಲ್ಲಾ ಕ್ರಿಸ್‌ಮಸ್ ಹಬ್ಬದ ಕೇಕು ತಂದುಕೊಟ್ಟಳು. ಕೆಂಪು ಕಾಗದದ ಪುಟ್ಟ ಡಬ್ಬ, ಮೇಲೊಂದು ಚಿನ್ನದ ಬಣ್ಣದ ನಕ್ಷತ್ರ.

ಕೇಕನ್ನು ತಟ್ಟೆಗೆ ತೆಗೆದಿಟ್ಟುಕೊಂಡೆ. ತುಂಬಿ ಬಂದ ಪಾತ್ರೆಯನ್ನು ಬರಿದಾಗಿ ಕಳಿಸುವ ಪದ್ಧತಿ ನಮ್ಮಲ್ಲಿಲ್ಲ. ಬಾಗೂರಿನಿಂದ ತಂಗಿ ಕಳಿಸಿದ್ದ ಅವರೆಕಾಯಿ ಸುಲಿದು, ಕಾಳು ತುಂಬಿ, ಡಬ್ಬವನ್ನು ವಾಪಸು ಕೊಟ್ಟು ಬಂದೆ.

ಸ್ವಲ್ಪ ಹೊತ್ತಿಗೆ ಸ್ಟೆಲ್ಲಾ ಡಬ್ಬ ಹಿಡಿದು ಬಾಗಿಲಲ್ಲಿ ನಿಂತಿದ್ದಾಳೆ. ಮುಖ ಸಣ್ಣಗಾಗಿದೆ.

"ಯಾಕಜ್ಜಿ, ನಾನ್ ಮಾಡಿದ್ದು ನಿಮಗಿಷ್ಟ ಆಗ್ಲಿಲ್ವಾ?"

"ಅಯ್ಯೋ, ಆಗ್ಲೇ ಎಲ್ಡು ತುಂಡು ತಿಂದ್ಬುಟ್ಟೆ ಕಣವ್ವ!"

"ಕೇಕು ಬೇಕರೀದು ಅಜ್ಜಿ. ನಾನ್ ಮಾಡಿದ್ದು ಡಬ್ಬ! ಡ್ಯೂಟಿ ಮುಗಿಸ್ಕೊಂಡು ಬಂದು, ಕೂತ್ಕೊಂಡು ಕತ್ತರಿಸಿ, ಮಡಚಿ, ಅಂಟಿಸಿದ್ದು."

ನನಗೆ ತಲೆಬುಡ ತಿಳಿಯಲಿಲ್ಲ. "ತಿನ್ನೋದ್ನ ಅಂಗ್ಡೀಲಿ ತಂದು, ಬಿಸಾಕೋ ಕಾಗ್ದನ ಕೈಯಾರೆ ಮಾಡ್ತಾರೇನವ್ವ?" ಎಂದುಬಿಟ್ಟೆ. ಹುಡುಗಿಯ ಕಣ್ಣು ತುಂಬಿತು. ನಾಲಿಗೆ ಕಚ್ಚಿಕೊಂಡೆ. "ತತ್ತಾ ಇಲ್ಲಿ, ಅದು ನಂದು. ಕಾಳು ಮಾತ್ರ ನಿಂದು" ಎಂದು ಕೈಚಾಚಿದೆ. ಅವಳು ನಕ್ಕು, ಕಾಳನ್ನು ವೇಲಿಗೆ ಸುರಿದುಕೊಂಡು ಡಬ್ಬ ಕೊಟ್ಟುಹೋದಳು.

ಈಗ ಇದನ್ನು ಬಿಸಾಡುವಂತಿಲ್ಲ, ಏನು ತುಂಬಬೇಕೋ ಗೊತ್ತಿಲ್ಲ. ನಮ್ಮನೆ ಇಲಿಗೋ, ಕಾಗದ ಕಂಡರೆ ಹಬ್ಬ. ಕಡೆಗೆ ದೇವರ ಗೂಡಿನಲ್ಲಿಟ್ಟಿದ್ದೇನೆ. ಇನ್ನು ದೇವರುಂಟು, ಇಲಿಯುಂಟು.