ಸಭೆಗೆ ಹೇಳಿದ್ದು, ನನಗೆ ಹೇಳಿದ್ದು

ರೈಲು ವಡೋದರಾ ಬಿಟ್ಟ ಕೂಡಲೇ ನಮ್ಮ ಸರ್ ಚೀಲದಿಂದ ಕೆಲವು ಹಾಳೆ ತೆಗೆದು ನನ್ನ ಕೈಗಿಟ್ಟರು. ಅಂದು ಮಧ್ಯಾಹ್ನ ಸೂರತ್‌ನಲ್ಲಿ ನಡೆಯಬೇಕಿದ್ದ ಆಡಳಿತ ಮಂಡಳಿ ಸಭೆಯ ನಡಾವಳಿ ಅದು. ಯಾರು ಬಂದರು, ಏನು ಚರ್ಚಿಸಿದರು, ಏನು ತೀರ್ಮಾನಿಸಿದರು, ಎಲ್ಲವೂ ನಡೆದುಹೋದಂತೆ ಟೈಪಾಗಿತ್ತು.

"ಸರ್, ಸಭೆ ಇನ್ನೂ ಆಗಿಲ್ಲವಲ್ಲ."

"ಆಗುತ್ತೆ ಬೇಟಾ. ಆಗಲಿ ಅಂತಲೇ ತಾನೆ ನಾವು ಹೋಗ್ತಿರೋದು? ಒಂದೇ ಮನೆಯವರ ಕಂಪನಿಗಳಲ್ಲಿ ಊಟಕ್ಕೆ ಕೂತಾಗಲೇ ತೀರ್ಮಾನ ಆಗಿರುತ್ತೆ. ನಮಗೆ ಉಳಿಯೋದು ಫಾಫಡಾ ತಿಂಡಿ, ಚಹಾ."

ಕಂಪನಿ ಸೆಕ್ರೆಟರಿ ಪರೀಕ್ಷೆ ಮುಗಿಸಿ ಅವರ ಕೈಕೆಳಗೆ ಸೇರಿ ನನಗೆ ಒಂದು ವರ್ಷವೂ ಆಗಿರಲಿಲ್ಲ. ನಡಾವಳಿಯ ನಿಯಮಗಳು ನನಗೆ ಇಷ್ಟವಾಗಿದ್ದವು. ಯಾರು ಸಿಟ್ಟಾದರು, ಯಾರು ನಕ್ಕರು ಎಂದು ಬರೆಯುವಂತಿಲ್ಲ. ಬರೆಯುವವಳ ಅಭಿಪ್ರಾಯವನ್ನು ಯಾರೂ ಕೇಳುವುದಿಲ್ಲ. ಆದರೆ ಯಾರಾದರೂ ಒಂದು ತೀರ್ಮಾನವನ್ನು ಒಪ್ಪದಿದ್ದರೆ ಅದನ್ನು ಅವರ ಹೆಸರಿನೊಂದಿಗೆ ಬರೆಯಲೇಬೇಕು.

ಅದು ಕಸೂತಿ ಬಟ್ಟೆಯ ಕಂಪನಿ. ನಿರ್ದೇಶಕರು ಮೂವರೇ: ಅಧ್ಯಕ್ಷರಾದ ಅಣ್ಣ, ಅವರ ಮಗ, ತೀರಿಹೋದ ತಮ್ಮನ ಹೆಂಡತಿ. ಸೂರತ್‌ನ ಕತಾರ್‌ಗಾಮ್‌ನಲ್ಲಿ ಕಸೂತಿ ಯಂತ್ರಗಳ ಒಂದು ಷೆಡ್ ಇತ್ತು. ಮೊದಲು ಅದನ್ನು ತಮ್ಮ ನೋಡಿಕೊಳ್ಳುತ್ತಿದ್ದರು, ಅವರು ಹೋದ ಮೇಲೆ ಹೆಂಡತಿ. ದಿನವೂ ಬೆಳಿಗ್ಗೆ ಅವರೇ ಬೀಗ ತೆಗೆಯುವುದು. ಕಂಪನಿಯಲ್ಲಿ ಅವರದೆಂದು ಉಳಿದದ್ದು ಅದೊಂದೇ. ಯಂತ್ರ ನಿಲ್ಲಿಸಿ ಷೆಡ್ಡನ್ನು ಬೇರೊಂದು ಕಂಪನಿಗೆ ಬಾಡಿಗೆಗೆ ಕೊಡುವುದೆಂದು ಟೈಪಾದ ಹಾಳೆಯಲ್ಲಿತ್ತು, 'ಸರ್ವಾನುಮತದಿಂದ' ಎಂದೂ ಇತ್ತು. ಆ ಕಂಪನಿ ಯಾರದೆಂದು ಮಾತ್ರ ಇರಲಿಲ್ಲ. ಅದರ ವಿಳಾಸವನ್ನು ನಾನು ಎರಡು ಸಲ ಓದಿದೆ. ಅಧ್ಯಕ್ಷರ ಮಗನ ಕಚೇರಿ ಇದ್ದ ಕಟ್ಟಡವೇ, ಒಂದು ಮಹಡಿ ಮೇಲೆ.

ಸಭೆಯಲ್ಲಿ ಆಕೆಯನ್ನು ನನ್ನ ಪಕ್ಕದಲ್ಲಿ, ಮೇಜಿನ ಕೊನೆಗೆ ಕೂರಿಸಿದ್ದರು. ನಲವತ್ತೈದರ ಆಸುಪಾಸು, ಕೈಯಲ್ಲಿ ಷೆಡ್ಡಿನ ಬೀಗದ ಕೈಗೊಂಚಲು. ಆ ಮನೆಯಲ್ಲಿ ಸೊಸೆಯಂದಿರು ಗಂಡನ ಅಣ್ಣನ ಮುಖ ನೋಡಿ ಮಾತಾಡುವುದಿಲ್ಲ. ಮುಸುಕು ಹೋಗಿ ಎಷ್ಟೋ ಕಾಲವಾಗಿದೆ, ಕಾರು ಓಡಿಸುತ್ತಾರೆ, ಕೆಲಸಗಾರರನ್ನು ಗದರಿಸುತ್ತಾರೆ. ಆದರೆ ಭಾವನಿಗೆ ಏನಾದರೂ ಹೇಳಬೇಕಾದರೆ ನಡುವೆ ಇನ್ನೊಬ್ಬರು ಬೇಕು. ಅದನ್ನು ಲಾಜ್ ಎನ್ನುತ್ತಾರೆ, ಮರ್ಯಾದೆ ಎಂಬ ಅರ್ಥದಲ್ಲಿ.

ಷೆಡ್ಡಿನ ವಿಷಯ ಬಂದಾಗ ಅಧ್ಯಕ್ಷರು ಚಾವಣಿ ನೋಡುತ್ತಾ, "ಯಾರಿಗೂ ತಕರಾರಿಲ್ಲ ತಾನೆ?" ಎಂದರು. ಆಕೆ ನನ್ನ ಕಡೆ ಬಾಗಿ, ಗುಜರಾತಿಯಲ್ಲಿ ತಂಗಿ ಎಂದು ಕರೆದು ಮೆಲ್ಲಗೆ, "ಬೆನ್, ನನಗೆ ಒಪ್ಪಿಗೆ ಇಲ್ಲ ಅಂತ ಹೇಳಿ" ಎಂದರು. ನಾನು ಸರ್ ಕಡೆ ನೋಡಿದೆ. ಅಷ್ಟರಲ್ಲಿ ಅಧ್ಯಕ್ಷರು ಮುಂದಿನ ವಿಷಯಕ್ಕೆ ಹೋಗಿದ್ದರು. ಅವರಿಗೆ ಕೇಳಿಸಲಿಲ್ಲವೋ, ಕೇಳಿಸದಿರಲೆಂದೇ ಆಕೆಯನ್ನು ಅಷ್ಟು ದೂರ ಕೂರಿಸಿದ್ದರೋ, ನನಗೆ ಇಂದಿಗೂ ಅನುಮಾನ.

ಮರಳುವಾಗ ರೈಲಿನಲ್ಲಿ ಸರ್‌ಗೆ ಹೇಳಿದೆ. ಅವರು ಕಡಲೆಕಾಯಿ ಸುಲಿಯುವುದನ್ನು ನಿಲ್ಲಿಸಲಿಲ್ಲ.

"ನಿನಗೆ ಹೇಳಿದರು. ಸಭೆಗೆ ಹೇಳಲಿಲ್ಲ. ನೀನು ನಿರ್ದೇಶಕಿಯೇನು?"

"ಅಲ್ಲ."

"ಮತ್ತೆ? ನಿನ್ನ ಕಿವಿಯಲ್ಲಿ ಹೇಳಿದ್ದೆಲ್ಲ ಬರೆಯೋಕೆ ಹೋದರೆ ನಡಾವಳಿ ಅನ್ನಲ್ಲ ಬೇಟಾ, ಚಾಡಿ ಅಂತಾರೆ."

ನಿಯಮದ ಪ್ರಕಾರ ಅವರ ಮಾತಿನಲ್ಲಿ ತಪ್ಪು ಹುಡುಕಲು ನನಗಾಗಲಿಲ್ಲ. ಆದರೆ ಇನ್ನೊಂದು ನಿಯಮವೂ ಇತ್ತು. ನಡಾವಳಿಯ ಕರಡು ಎಲ್ಲ ನಿರ್ದೇಶಕರಿಗೂ ಹೋಗಬೇಕು, ಓದಿ ಆಕ್ಷೇಪ ಹೇಳಲು ಅವರಿಗೆ ಒಂದು ವಾರ ಕೊಡಬೇಕು. ಕಚೇರಿಯಿಂದ ಇ-ಮೇಲ್ ಕಳಿಸುವಾಗ ಆಕೆಯ ವಿಳಾಸ ನೋಡಿದೆ. ಕಂಪನಿಯೇ ಮಾಡಿಕೊಟ್ಟದ್ದು. ಆಕೆಗೆ ಕಳಿಸಿದ ಕಾಗದಗಳಿಗೆ ಉತ್ತರ ಬರುತ್ತಿದ್ದುದು ಯಾವಾಗಲೂ ಚಂದದ ಇಂಗ್ಲಿಷ್‌ನಲ್ಲಿ, ಕೆಲವೇ ನಿಮಿಷಗಳಲ್ಲಿ. ಅಧ್ಯಕ್ಷರ ಮಗನ ಉತ್ತರಗಳೂ ಹಾಗೆಯೇ, ಅದೇ ಧಾಟಿಯಲ್ಲಿ. ಈ ಸಲವೂ 'ನೋಡಿದೆ, ಬದಲಾವಣೆ ಏನಿಲ್ಲ' ಎಂದು ಉತ್ತರ ಬಂತು. ನಾನು ಚಹಾ ಕುಡಿದು ಮುಗಿಸಿರಲಿಲ್ಲ. ಕರಡು ಆಕೆಯ ಕೈ ಸೇರಿಲ್ಲ ಎನ್ನಿಸಿತು.

ಭಾನುವಾರ ಮತ್ತೆ ಸೂರತ್‌ಗೆ ಹೊರಟೆ. ಬೋಪಾಲ್ ಬಡಾವಣೆಯ ನಮ್ಮ ಫ್ಲ್ಯಾಟಿನ ಬಾಗಿಲಲ್ಲಿ ಅಮ್ಮ ಅಡ್ಡ ನಿಂತಳು. ಧಾರವಾಡ ಬಿಟ್ಟು ಇಷ್ಟು ವರ್ಷವಾದರೂ ಅವಳ ಮಾತು ಬದಲಾಗಿಲ್ಲ.

"ರವಿವಾರ ಏನವಾ ಸೂರತ್‌ನ್ಯಾಗ?"

"ಒಂದು ಕಾಗದ ಕೊಡೋದಿದೆ."

"ಊರಾಗ ಪೋಸ್ಟ್ ಆಫೀಸ ಸುಟ್ಟು ಹೋಗ್ಯಾವೇನು? ಉಪಗ್ರಹದ ಆಫೀಸಿನ್ಯಾಗ ಇದ್ದು ನಿಮ್ಮಪ್ಪ ಆಕಾಶಕ್ಕ ಏನು ಬಿಡತಾರ ಅಂತ ಒಂದು ದಿನಾ ಹೇಳಲಿಲ್ಲ. ನೀ ಅರಿವಿ ಕಂಪನೀದರೆ ಹೇಳವಾ!"

ಚಪ್ಪಲಿ ಮೆಟ್ಟಿ ಹೊರಟೆ. ಕಂಪನಿಯ ಮಾತು ಕಂಪನಿಯದು.

ಸೂರತ್‌ನ ಅಡಾಜಣ್ ಬಡಾವಣೆಯ ಮನೆಯಲ್ಲಿ ಆಕೆ ಒಬ್ಬರೇ ಇದ್ದರು. ಕೂರಲು ಹೇಳಿ, ನೀರು ಕೊಟ್ಟು, ನನ್ನ ಕೈಯ ಲಕೋಟೆಯನ್ನು ಮುಟ್ಟದೆ ನಿಂತರು.

"ಭಾವ ಕಳಿಸಿದರಾ?"

"ಇಲ್ಲ. ಕರಡು ನಿಮಗೆ ತಲುಪಬೇಕು, ಅದಕ್ಕೆ ತಂದೆ. ತಲುಪಿತು ಅಂತ ಇಲ್ಲಿ ಒಂದು ಸಹಿ."

"ಆಹಾ, ಸಹಿ!" ಅವರು ನಕ್ಕರು. "ಭಾನುವಾರ ರಜೆ ಬಿಟ್ಟು ಸಹಿಗೆ ಬಂದ್ರಾ ಬೆನ್? ಹೋದ ಸಲ ಹೀಗೇ ಭಾವನ ಕಡೆಯವನೊಬ್ಬ ಸಹಿಗೆ ಬಂದಿದ್ದ, ಮಾವಿನ ಹಣ್ಣು ಹಿಡಿದು. ನೀವು ಬರಿಗೈಲಿ ಬಂದಿದ್ದೀರಿ."

ಅವರ ಅನುಮಾನ ನ್ಯಾಯವಾದದ್ದು. ನಾನು ಅವರ ಜಾಗದಲ್ಲಿದ್ದರೆ ಬಾಗಿಲನ್ನೂ ತೆರೆಯುತ್ತಿರಲಿಲ್ಲ. ಸಹಿ ಬೇಡ ಎಂದೆ. ಷೆಡ್ಡಿನ ಪ್ಯಾರಾ ಮಾತ್ರ ಗುಜರಾತಿಯಲ್ಲಿ ಓದಿ ಹೇಳಿದೆ. ಏನು ಮಾಡಬೇಕೆಂದು ಹೇಳುವುದು ನನ್ನ ಕೆಲಸವಲ್ಲ, ಹೇಳಲಿಲ್ಲ. 'ಸರ್ವಾನುಮತದಿಂದ' ಎಂಬಲ್ಲಿಗೆ ಬಂದಾಗ ಅವರು ಕೈ ಎತ್ತಿ ತಡೆದರು.

"ನಿಮಗೆ ಹೇಳಿದ್ದೆನಲ್ಲ?"

"ನನಗೆ ಹೇಳಿದಿರಿ. ಸಭೆಗೆ ಹೇಳಿದ್ದು ಮಾತ್ರ ಬರೆಯಬಹುದಂತೆ."

"ಭಾವನ ಎದುರಿಗೆ ಹೇಗೆ ಹೇಳೋದು, ನೀವೇ ಹೇಳಿ. ಮದುವೆಯಾಗಿ ಬಂದಾಗಿನಿಂದ ಹೇಳಿಲ್ಲ. ಉಪ್ಪು ಬೇಕಾ ಅಂತ ಕೂಡ ಕೇಳಿಲ್ಲ."

"ಆಕ್ಷೇಪ ಇದ್ದರೆ ಬರೆದು ಕೊಡಬಹುದು. ಯಾವ ಭಾಷೆಯಲ್ಲಾದರೂ."

ಪೆನ್ ಕೊಟ್ಟೆ. ಆಕೆ ಅದನ್ನು ಬಿಟ್ಟು ಒಳಗಿನಿಂದ ತಮ್ಮದೇ ತಂದರು. ಕರಡಿನ ಅಂಚಿನಲ್ಲಿ ಗುಜರಾತಿಯಲ್ಲಿ ಬರೆದರು: ನನಗೆ ಒಪ್ಪಿಗೆ ಇಲ್ಲ, ಅಂದೂ ಇರಲಿಲ್ಲ. ಕೆಳಗೆ ಹೆಸರು, ತಾರೀಖು. ನನಗೆ ಕೊಡುವ ಮೊದಲು ತಮ್ಮ ಫೋನಿನಲ್ಲಿ ಅದರ ಫೋಟೋ ತೆಗೆದುಕೊಂಡರು, ಅದನ್ನು ಹಿಡಿದ ನನ್ನದೂ ಒಂದು.

ಸೋಮವಾರ ಸರ್ ಅದನ್ನು ಓದಿ ಕನ್ನಡಕ ತೆಗೆದಿಟ್ಟರು. "ಇದನ್ನು ಕೈಯಾರೆ ಕೊಡು ಅಂತ ಯಾರು ಹೇಳಿದ್ದು?"

"ಕೈಯಾರೆ ಕೊಡಬಹುದು ಅಂತ ನಿಯಮದಲ್ಲೇ ಇದೆ ಸರ್."

"ನಿಯಮ ಕಲಿಸಿದ್ದೇ ತಪ್ಪಾಯ್ತು," ಎಂದರು. ಆದರೆ ಲಿಖಿತ ಆಕ್ಷೇಪವನ್ನು ಬಚ್ಚಿಟ್ಟರೆ ಹೋಗುವುದು ಅವರದೇ ವೃತ್ತಿಯ ಸನದು. 'ಸರ್ವಾನುಮತ' ತೆಗೆದು, ಒಬ್ಬ ನಿರ್ದೇಶಕಿ ಒಪ್ಪಲಿಲ್ಲ ಎಂದು ಅವರೇ ಸೇರಿಸಿದರು.

ಮುಂದಿನ ಸಭೆಯಲ್ಲಿ ಆ ನಡಾವಳಿಗೆ ಅಧ್ಯಕ್ಷರು ಸಹಿ ಹಾಕಬೇಕಿತ್ತು. ಆ ಸಾಲಿನ ಮೇಲೆ ಅವರ ಬೆರಳು ನಿಂತಿತು. ನೋಡಿದ್ದು ಆಕೆಯನ್ನಲ್ಲ, ನನ್ನನ್ನು.

"ಯಾರು ಹೇಳಿದ್ದು ಇದನ್ನ? ನಾನಂತೂ ಕೇಳಿಲ್ಲ."

ಮಗ ಫೋನ್ ಕೆಳಗಿಟ್ಟ. ಸರ್ ಚಹಾದ ಕಪ್ ನೋಡುತ್ತಿದ್ದರು. ನಾನು ಉತ್ತರಿಸಿದರೆ ಅದು ನನ್ನ ಮಾತಾಗುತ್ತದೆ, ಸುಮ್ಮನಿದ್ದರೆ ಆ ಸಾಲು ಸುಳ್ಳಾಗುತ್ತದೆ.

ಪಕ್ಕದ ಕುರ್ಚಿ ಹಿಂದೆ ಸರಿಯಿತು. ಆಕೆ ಎದ್ದು ನಿಂತಿದ್ದರು. ಮುಖ ನನ್ನ ಕಡೆಗೇ ಇತ್ತು, ಆದರೆ ದನಿ ಷೆಡ್ಡಿನ ಯಂತ್ರಗಳ ಸದ್ದು ಮೀರಿ ಕೂಗಿ ರೂಢಿಯಾದ ದನಿ. "ಬೆನ್, ಎಲ್ಲರಿಗೂ ಕೇಳೋ ಹಾಗೆ ಹೇಳ್ತಿದ್ದೀನಿ. ನಾನು ಹೇಳಿದ್ದು. ಇವತ್ತೂ ಅದನ್ನೇ ಹೇಳ್ತೀನಿ. ಷೆಡ್ ಬಿಡಲ್ಲ."

ಅಧ್ಯಕ್ಷರು ಸಹಿ ಹಾಕಿದರು. ಆಮೇಲೆ ಮಗನಿಗೆ ಮೆಲ್ಲಗೆ, "ಷೆಡ್ ಮೇಲೆ ಸಾಲ ಕೊಟ್ಟ ಬ್ಯಾಂಕಿನವರು ಎಲ್ಲರ ಒಪ್ಪಿಗೆ ಕೇಳ್ತಾರೆ, ಇದರ ಪ್ರತಿ ಕೊಡೋಕಾಗಲ್ಲ. ಬಾಡಿಗೆ ಮಾತು ಸದ್ಯ ಬಿಡು," ಎಂದರು. ಸರ್ವಾನುಮತ ಯಾರಿಗೆ ಬೇಕಿತ್ತೆಂದು ಆಗ ತಿಳಿಯಿತು. ಅಥವಾ ತಿಳಿಯಿತೆಂದು ನಾನು ಅಂದುಕೊಂಡೆ.

ಅದಾದ ಮೇಲೆ ಸರ್ ನನ್ನನ್ನು ಆ ಕಂಪನಿಯ ಸಭೆಗೆ ಕರೆದೊಯ್ಯಲಿಲ್ಲ. ಕೆಲಸದ ಮೇಲೆ ಕತಾರ್‌ಗಾಮ್‌ಗೆ ಹೋದಾಗ ಒಮ್ಮೆ ಆ ಬೀದಿಯಲ್ಲಿ ನಡೆದೆ. ಷೆಡ್ಡಿನ ಬಾಗಿಲು ತೆರೆದಿತ್ತು, ಯಂತ್ರಗಳು ಓಡುತ್ತಿದ್ದವು. ಆಕೆ ಯಾರನ್ನೋ ಗದರುತ್ತಾ ಹೊರಗೆ ಬಂದರು. ನನ್ನನ್ನು ಕಂಡು ಮೊದಲು ನೋಡಿದ್ದು ನನ್ನ ಮುಖವನ್ನಲ್ಲ, ಕೈಯಲ್ಲಿ ಕಾಗದವೇನಾದರೂ ಇದೆಯೇ ಎಂದು.