ಇನ್‌ಕ್ಲೈನ್ಡ್ ಪದಕ್ಕೆ ಒಂದು ನಿಜವಾದ ವಾಕ್ಯ

ಇಂಗ್ಲಿಷ್-ಕನ್ನಡ ನಿಘಂಟಿಗೆ ಪದ ಕೂಡಿಸಿದವರು ಹಲವರಿದ್ದಾರೆ. ಪ್ರತಿ ಪದದ ಬಳಕೆಗೂ ಸುಳ್ಳಲ್ಲದ ಉದಾಹರಣೆ ಬೇಕೆಂದು ಹಟ ಹಿಡಿದವರು ನಮ್ಮ ಪ್ರಧಾನ ಸಂಪಾದಕರು. ಕಚೇರಿಗೆಲ್ಲ ಅವರು ಮೇಷ್ಟ್ರು. ಕರಡು ತಿದ್ದುವವರಾಗಿ ಸೇರಿ, ಹಂತಹಂತವಾಗಿ ಮೇಲೇರಿ, ಈ ತಿಂಗಳು ನಿವೃತ್ತರಾಗುತ್ತಿರುವ ಅವರದೊಂದು ಕಟ್ಟಳೆಯಿತ್ತು: ವಾಕ್ಯ ಕೊಡುವವರ ಪಾಲಿಗೆ ಆ ವಾಕ್ಯ ಅಂದು ನಿಜವಾಗಿರಬೇಕು. ಹಸಿವಿನ ವಾಕ್ಯವನ್ನು ಹಸಿದವರೇ ಕೊಡಬೇಕು. 'ಸೋಮಾರಿ'ಯ ಸರದಿ ಬಂದಾಗ ಎಲ್ಲರೂ ತಮ್ಮತ್ತ ತಿರುಗಿದ್ದನ್ನು ನಮ್ಮ ಗ್ರಂಥಪಾಲಕರೇ ಇಂದಿಗೂ ಹೇಳಿಕೊಂಡು ನಗುತ್ತಾರೆ.

ಕಿರಿಯ ಸಂಪಾದಕಿ ಗಂಡನನ್ನು ಕಳೆದುಕೊಂಡ ಮೇಲೆ ಮೊದಲ ಸಲ ಕಚೇರಿಗೆ ಬಂದದ್ದು ಕೆಲಸ ಬಿಡುತ್ತೇನೆಂದು ಹೇಳಲು. ಮೇಷ್ಟ್ರು ಬೇಡವೆನ್ನಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಅವಳ ಕುರ್ಚಿ ಎಳೆದುಕೊಟ್ಟರು. ಅಂದಿನ ಪದ ಇನ್‌ಕ್ಲೈನ್ಡ್. ಅದು ಆಸೆಯಷ್ಟು ಗಟ್ಟಿಯಲ್ಲ, ನಿರ್ಧಾರ ಇನ್ನೂ ದೂರ. ಮನಸ್ಸು ಒಂದು ಕಡೆಗೆ ತುಸು ವಾಲಿದೆ, ಕಾಲು ಮಾತ್ರ ಕಿತ್ತಿಟ್ಟಿಲ್ಲ ಎಂದು ಅವರು ಬಿಡಿಸಿ ಹೇಳಿದರು. 'ಒಲವುಳ್ಳ' ಎಂದರೆ ಪ್ರೀತಿ ಹೆಚ್ಚಾಯಿತು, 'ಸಿದ್ಧ' ಎಂದರೆ ಅವಸರವಾಯಿತು. 'ಮನಸ್ಸಾಗು' ಸರಿಹೋಯಿತು. ಬಳಿಕ ಅವಳ ವಾಕ್ಯ ಕೇಳಿದರು.

"ನನಗೆ ಮನೆಗೆ ಹೋಗೋಕೆ ಮನಸ್ಸಿಲ್ಲ," ಎಂದಳು.

ಮೇಷ್ಟ್ರು ಇದ್ದ ಹಾಗೆಯೇ ಬರೆದುಕೊಂಡರು. "ಇದು ಇಲ್ಲ ಅನ್ನೋ ವಾಕ್ಯ. ಹೌದು ಅನ್ನೋದೂ ಒಂದು ಬೇಕು. ಅವಸರ ಇಲ್ಲಮ್ಮ, ಸಿಕ್ಕಾಗ ಕೊಡು. ಅಲ್ಲೀವರೆಗೆ ಸಂಪುಟ ಅಚ್ಚಿಗೆ ಹೋಗಲ್ಲ."

ಅವಳು ಬಿಟ್ಟು ಹೋಗುವಂತಿರಲಿಲ್ಲ. ದಿನಾ ಬಂದಳು, ವಾಕ್ಯ ಮಾತ್ರ ಬರಲಿಲ್ಲ. ಒಂದು ಪದಕ್ಕಾಗಿ ಇಡೀ ಸಂಪುಟ ನಿಲ್ಲಿಸುವುದುಂಟೇ ಎಂದು ಮುದ್ರಕರು ರೇಗಿದರು. ತಮ್ಮ ನಿವೃತ್ತಿಯೊಳಗೆ ಪುಸ್ತಕ ಕಾಣಬೇಕೆಂಬ ಆಸೆ ಮೇಷ್ಟ್ರಿಗೂ ಇತ್ತು. ಅವರು ಆ ಮಾತನ್ನು ಎತ್ತಲೇ ಇಲ್ಲ. ಗ್ರಂಥಪಾಲಕರು ಕನಿಕರಪಟ್ಟು, ತಮಗೆ ಊಟದ ಮೇಲೆ ಮಲಗುವ ಮನಸ್ಸಾಗುತ್ತದೆ, ಅದನ್ನೇ ಹಾಕಿಕೊಳ್ಳಿ ಎಂದರು.

"ನಿಮಗೆ ಅದು ಮನಸ್ಸಲ್ಲ, ಚಟ," ಎಂದರು ಮೇಷ್ಟ್ರು.

ಎಲ್ಲರ ಜೊತೆ ಅವಳೂ ನಕ್ಕಳು. ನಕ್ಕದ್ದು ತಾನೇ ಎಂದು ತಿಳಿದು ಬೆರಗಾದಳು. ಸಂಜೆ ಮೇಜು ಒರೆಸುತ್ತ, ಅವರತ್ತ ನೋಡದೆಯೇ ಹೇಳಿದಳು: "ನಾಳೇನೂ ಬರೋಣ ಅಂತ ಮನಸ್ಸಾಗ್ತಿದೆ, ಮೇಷ್ಟ್ರೆ."

ಸಂಪುಟ ಈಗ ಅಚ್ಚಿನಲ್ಲಿದೆ. ನಿವೃತ್ತಿಯ ದಿನಕ್ಕೆ ಕೈಸೇರದು. ಮೇಷ್ಟ್ರು ಆರೋಗ್ಯದಿಂದ ನೂರು ವರ್ಷ ಬಾಳಲಿ. ಮುಂದಿನ ಅಕ್ಷರದ ಕರಡನ್ನು ಕಿರಿಯ ಸಂಪಾದಕಿ ತಾನೇ ಅವರ ಮನೆಗೆ ತರುತ್ತಾಳೆ. ಕೆಂಪು ಶಾಯಿ ಸಾಕಷ್ಟು ತುಂಬಿಸಿಟ್ಟುಕೊಳ್ಳಬೇಕಾಗಿ ವಿನಂತಿ.